ಆರನೇ ಅಕ್ಷರ ಹೇಳಿದ ಗುಟ್ಟು

ಏಪ್ರಿಲ್ ತಿಂಗಳ ಒಂದು ಮಧ್ಯಾಹ್ನ. ಶಿರಸಿ ಸೀಮೆಯ ನಮ್ಮ ಮನೆಯ ಅಂಗಳದ ತುಂಬ ಚಾಪೆ, ಚಾಪೆಯ ತುಂಬ ಹಲಸಿನ ಹಪ್ಪಳ. ನಾನು ಕೋಲು ಹಿಡಿದು ಕಾಗೆ ಕಾಯುತ್ತ ಕುಳಿತಿದ್ದೆ. ನಿವೃತ್ತ ಮೇಷ್ಟ್ರಿಗೆ ಮನೆಯಲ್ಲಿ ಸಿಕ್ಕ ಏಕೈಕ ಹುದ್ದೆ ಇದು. ಸಂಬಳವಿಲ್ಲ, ಸಂಜೆ ಒಂದು ಸುಟ್ಟ ಹಪ್ಪಳ ಸಿಗುತ್ತದೆ.

ಹಪ್ಪಳ ನನ್ನ ಹೆಂಡತಿಯ ಉದ್ಯೋಗ. ಅಕ್ಕಪಕ್ಕದ ಮೂವರು ಹೆಂಗಸರು ಜೊತೆಗಿದ್ದಾರೆ. ಬಲಿತ ಹಲಸಿನ ತೊಳೆ ಬೇಯಿಸಿ, ಒರಳಲ್ಲಿ ಕುಟ್ಟಿ, ಉಪ್ಪು, ಮೆಣಸು, ಜೀರಿಗೆ ಸೇರಿಸಿ ಉಂಡೆ ಕಟ್ಟಿ, ಮಣೆಯಲ್ಲಿ ಒತ್ತುತ್ತಾರೆ. ಎರಡು ಹಂಗಾಮಿನಲ್ಲಿ ಉಳಿಸಿದ ಹಣ ಅಟ್ಟದ ಮೇಲಿನ ಬಿಸ್ಕತ್ ಡಬ್ಬದಲ್ಲಿತ್ತು. ಮಳೆ ಹಠಾತ್ತಾಗಿ ಬಂದರೂ ಹಪ್ಪಳ ಒಣಗಲಿ ಎಂದು ಸೋಲಾರ್ ಡ್ರೈಯರ್ ಕೊಳ್ಳುವ ಆಸೆ ಅವರದ್ದು.

ಆಗಲೇ ಆ ಫೋನ್ ಬಂದದ್ದು. ಬಲು ಸಿಹಿಯಾದ ದನಿ. ‘ಅಮ್ಮಾ, ನಿಮ್ಮ ಹಪ್ಪಳದ ರುಚಿ ಬೆಂಗಳೂರಿನವರೆಗೆ ಬಂದಿದೆ. ನಮ್ಮ ಕಂಪನಿಗೆ ತಿಂಗಳಿಗೆ 5,000 ಹಪ್ಪಳ ಬೇಕು. ಪೂರೈಕೆದಾರರ ಪಟ್ಟಿಗೆ ಸೇರಿಸಲು 18,000 ರೂಪಾಯಿ ಠೇವಣಿ ಕಟ್ಟಿ, ಮೊದಲ ಬಿಲ್ಲಿನ ಜೊತೆಗೇ ವಾಪಸ್ ಕೊಡುತ್ತೇವೆ. ಸಂಜೆ ಐದರೊಳಗೆ ಕಟ್ಟಿದರೆ ಈ ತಿಂಗಳಿಂದಲೇ ಶುರು.’ ಹಿಂದೆಯೇ ವಾಟ್ಸಾಪಿನಲ್ಲಿ ಪತ್ರ ಬಂತು. ಬಣ್ಣದ ಲಾಂಛನ, ಮೊಹರು, ಸಹಿ, ಬೆಂಗಳೂರಿನ ವಿಳಾಸ, ಜಿಎಸ್‌ಟಿ ಸಂಖ್ಯೆ, ಕೆಳಗೆ ‘1987ರಿಂದ ನಿಮ್ಮ ಸೇವೆಯಲ್ಲಿ’.

ತಿಂಗಳಿಗೆ 5,000 ಹಪ್ಪಳ! ಇವಳು ಅಟ್ಟದ ಏಣಿಗೆ ಕೈ ಹಾಕಿಯೇಬಿಟ್ಟಳು. ನಾನೂ ತಡೆಯಲಿಲ್ಲ. ತಡೆದವಳು ರಜೆಗೆ ಬಂದಿದ್ದ ಮೊಮ್ಮಗಳು, ಎಂಟನೇ ತರಗತಿ ಮುಗಿಸಿದವಳು.

‘ಅಜ್ಜಿ, ಐದು ಗಂಟೆಗೆ ಇನ್ನೂ ಎರಡು ತಾಸು ಇದೆ. ಅವರು ಯಾರು ಅಂತ ಒಂದ್ಸಲ ನೋಡೋಣ.’

‘ಎಂತ ನೋಡೂದು ಕೂಸೇ? ಪತ್ರದಲ್ಲಿ ಎಲ್ಲ ಬರೆದಿದ್ದಾರಲ್ಲ.’

ಕೂಸು ಮೊಬೈಲಿನಲ್ಲಿ ಕಂಪನಿಯ ಹೆಸರು ಬರೆದಳು. ಮೊದಲಿಗೇ ಒಂದು ಜಾಲತಾಣ ಬಂತು. ಗಾಜಿನ ಕಟ್ಟಡ, ಕೋಟು ತೊಟ್ಟು ನಗುವ ಜನ, ‘ಸಾವಿರಾರು ತೃಪ್ತ ಗ್ರಾಹಕರು’. ‘ನೋಡು, ನಾ ಹೇಳಲಿಲ್ವಾ’ ಎಂದು ಇವಳು ಮತ್ತೆ ಏಣಿಯತ್ತ ತಿರುಗಿದಳು. ಆದರೆ ಅದು ಅವರೇ ತಮ್ಮ ಬಗ್ಗೆ ಬರೆದುಕೊಂಡದ್ದು. ಹೆತ್ತವರಿಗೆ ಹೆಗ್ಗಣ ಮುದ್ದು. ಕೆಲವು ನೂರು ರೂಪಾಯಿಗೆ ಒಂದು ಹೆಸರು ಕೊಂಡು ಸಂಜೆಯೊಳಗೆ ಜಾಲತಾಣ ಕಟ್ಟಬಹುದು. ಗಾಜಿನ ಕಟ್ಟಡದ ಚಿತ್ರ ಬಿಟ್ಟಿಯಾಗಿ ಸಿಗುತ್ತದೆ.

ಹುಡುಕುವ ಯಂತ್ರ ಹೇಗೆ ಕೆಲಸ ಮಾಡುತ್ತದೆ ಎಂದು ಅಜ್ಜ-ಅಜ್ಜಿಯರು ಕೇಳುವುದುಂಟು. ದಪ್ಪ ಪುಸ್ತಕದ ಕೊನೆಯಲ್ಲಿ ಪದಸೂಚಿ ಇರುತ್ತದಲ್ಲ, ಯಾವ ಪದ ಯಾವ ಪುಟದಲ್ಲಿದೆ ಎಂಬ ಪಟ್ಟಿ? ಜಗತ್ತಿನ ಜಾಲಪುಟಗಳಿಗೆಲ್ಲ ಅಂಥ ಪಟ್ಟಿ ಮಾಡಲು ಹೊರಟದ್ದೇ ಈ ಯಂತ್ರ. ಹಗಲಿರುಳು ಪುಟದಿಂದ ಪುಟಕ್ಕೆ ಹರಿದಾಡಿ ಪದಗಳನ್ನು ಗುರುತು ಹಾಕಿಕೊಳ್ಳುತ್ತದೆ. ಇದರ ಹಿರಿಯಜ್ಜ ‘ಆರ್ಚಿ’. ಬಾರ್ಬಡೋಸ್ ದ್ವೀಪದಿಂದ ಕೆನಡಾಕ್ಕೆ ಓದಲು ಬಂದ ಅಲನ್ ಎಮ್‌ಟೇಜ್ ಎಂಬ ವಿದ್ಯಾರ್ಥಿ 1990ರಲ್ಲಿ ಮಾಂಟ್ರಿಯಲ್‌ನ ಮೆಗಿಲ್ ವಿಶ್ವವಿದ್ಯಾಲಯದಲ್ಲಿ ಅದನ್ನು ಮಾಡಿದ. ಕಡತಗಳ ಹೆಸರು ಹುಡುಕುವುದಷ್ಟೇ ಅದಕ್ಕೆ ಗೊತ್ತಿತ್ತು. 1998ರಲ್ಲಿ ಕಂಪನಿಯಾದ ಗೂಗಲ್ಲಿನ ಹಿಂದೆ ಲ್ಯಾರಿ ಪೇಜ್ ಮತ್ತು ಸರ್ಗೆ ಬ್ರಿನ್ ಎಂಬ ಸ್ಟ್ಯಾನ್‌ಫರ್ಡ್ ವಿದ್ಯಾರ್ಥಿಗಳ ಒಂದು ಉಪಾಯ ಇತ್ತು: ಒಂದು ಪುಟಕ್ಕೆ ಎಷ್ಟು ಪುಟಗಳು ಕೈತೋರಿಸುತ್ತವೆ, ಕೈತೋರಿಸುವವು ಎಂಥವು ಎಂದು ನೋಡಿ ಮೇಲೆ-ಕೆಳಗೆ ಇಡುವುದು. ಸಂತೆಯಲ್ಲಿ ನಾಲ್ಕು ಜನ ‘ಆ ಅಂಗಡಿಗೇ ಹೋಗಿ’ ಎಂದರೆ ನಾವು ಹೋಗುವುದಿಲ್ಲವೇ, ಹಾಗೆ.

ಆದರೆ ಪುಟದ ನೆತ್ತಿಯಲ್ಲಿ ಬರುವುದೆಲ್ಲ ಹೀಗೆ ಆರಿಸಿದ್ದಲ್ಲ. ‘ಪ್ರಾಯೋಜಿತ’ ಎಂಬ ಸಣ್ಣ ಅಕ್ಷರ ಇದ್ದರೆ ಅದು ಜಾಹೀರಾತು. ಆ ಜಾಗಕ್ಕೆ ಹರಾಜು ನಡೆಯುತ್ತದೆ, ಅಡಿಕೆ ಟೆಂಡರಿನಂತೆಯೇ. ಈಚೆಗೆ ಅದರ ಮೇಲೊಂದು ಸಾರಾಂಶವೂ ಬರುತ್ತದೆ, ಯಂತ್ರವೇ ಹತ್ತಾರು ಪುಟ ಓದಿ ಬರೆದದ್ದು. ಓದಲು ಸಲೀಸು. ಆದರೆ ತಪ್ಪನ್ನೂ ಅದು ಅಷ್ಟೇ ಸಲೀಸಾಗಿ ಬರೆಯುತ್ತದೆ. ದುಡ್ಡಿನ ವಿಷಯಕ್ಕೆ ನಾನಂತೂ ಅದರ ಕೆಳಗಿನ ಮೂಲ ಪುಟವನ್ನು ತೆರೆಯದೆ ಬಿಡುವುದಿಲ್ಲ.

ನನ್ನ ಒಂದು ಪೆದ್ದುತನವನ್ನೂ ಇಲ್ಲೇ ಹೇಳಿಬಿಡುತ್ತೇನೆ. ಹಿಂದಿನ ವರ್ಷ ಹಪ್ಪಳದ ಉದ್ಯಮಕ್ಕೆ ‘ಉದ್ಯಮ್’ ನೋಂದಣಿ ಮಾಡಿಸಲು ನಾನೇ ಹುಡುಕಿದ್ದೆ. ಮೊದಲು ಕಂಡದ್ದನ್ನೇ ಒತ್ತಿದೆ. ತ್ರಿವರ್ಣ ಧ್ವಜ, ಗಾಂಭೀರ್ಯದ ಅಕ್ಷರ, ಅರ್ಜಿ, ‘ಶುಲ್ಕ 2,500’. ಕಟ್ಟಿದೆ. ನೋಂದಣಿಯೇನೋ ಬಂತು. ಆದರೆ ಉದ್ಯಮ್ ನೋಂದಣಿಗೆ ಸರ್ಕಾರ ಒಂದು ಪೈಸೆಯನ್ನೂ ತೆಗೆದುಕೊಳ್ಳುವುದಿಲ್ಲ. 2020ರ ಜುಲೈ 1ರಂದು ಶುರುವಾದಾಗಿನಿಂದಲೂ ಅದು ಉಚಿತ. ನಾನು ತುಂಬಿದ ಅರ್ಜಿಯನ್ನೇ ಯಾರೋ ಸರ್ಕಾರದ ಪುಟದಲ್ಲಿ ಮತ್ತೊಮ್ಮೆ ತುಂಬಿ ನನ್ನ 2,500 ಇಟ್ಟುಕೊಂಡಿದ್ದರು. ವಿಳಾಸದ ಬಾಲ ನೋಡಿದ್ದರೆ ಸಾಕಿತ್ತು: ಸರ್ಕಾರದ್ದು ‘ಗವ್ ಡಾಟ್ ಇನ್’ ಎಂದು ಮುಗಿಯುತ್ತದೆ. ಆ ಬಾಲ ಸರ್ಕಾರಿ ಸಂಸ್ಥೆಗಳಿಗೆ ಮಾತ್ರ ಸಿಗುವುದು. ‘ಡಾಟ್ ಕಾಮ್’, ‘ಡಾಟ್ ಓಆರ್‌ಜಿ’ ಬಾಲವನ್ನು ಯಾರು ಬೇಕಾದರೂ ಕೊಳ್ಳಬಹುದು. ಈ ಕಥೆ ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ. ಇದನ್ನು ಓದಿದ ಮೇಲೆ ಗೊತ್ತಾಗುತ್ತದೆ, ಆಗಲಿ.

ಹದಿನೈದು ಅಕ್ಷರದ ಜಾತಕ

ಈಗ ಪತ್ರದ ಜಿಎಸ್‌ಟಿ ಸಂಖ್ಯೆಗೆ ಬರೋಣ. ಮಕ್ಕಳೇ, ನಿಮ್ಮ ಮನೆಯಲ್ಲಿ ಯಾವುದಾದರೂ ಅಂಗಡಿಯ ಬಿಲ್ ಇದ್ದರೆ ಕೈಗೆ ತೆಗೆದುಕೊಳ್ಳಿ. ಜಿಎಸ್‌ಟಿ ಸಂಖ್ಯೆಯಲ್ಲಿ ಒಟ್ಟು 15 ಅಂಕಿ-ಅಕ್ಷರಗಳಿರುತ್ತವೆ. ಮೊದಲ ಎರಡು ರಾಜ್ಯದ ಗುರುತು. ಕರ್ನಾಟಕಕ್ಕೆ 29, ಮಹಾರಾಷ್ಟ್ರಕ್ಕೆ 27, ಕೇರಳಕ್ಕೆ 32, ತಮಿಳುನಾಡಿಗೆ 33, ದೆಹಲಿಗೆ 07. ಆಮೇಲಿನ ಹತ್ತು ಆ ವ್ಯಾಪಾರಿಯ ಪ್ಯಾನ್ ಸಂಖ್ಯೆ. ಪ್ಯಾನ್ ಸಂಖ್ಯೆಯ ನಾಲ್ಕನೇ ಅಕ್ಷರ, ಅಂದರೆ ಜಿಎಸ್‌ಟಿ ಸಂಖ್ಯೆಯ ಆರನೆಯದು, ತುಂಬ ಮಾತುಗಾರ. ಅದು ‘ಪಿ’ ಆದರೆ ಒಬ್ಬ ವ್ಯಕ್ತಿ, ‘ಸಿ’ ಆದರೆ ಕಂಪನಿ, ‘ಎಫ್’ ಆದರೆ ಪಾಲುದಾರಿಕೆ ಸಂಸ್ಥೆ, ‘ಎಚ್’ ಆದರೆ ಹಿಂದೂ ಅವಿಭಕ್ತ ಕುಟುಂಬ. ಕೊನೆಯ ಅಂಕಿ ಉಳಿದ ಹದಿನಾಲ್ಕನ್ನೂ ಲೆಕ್ಕ ಹಾಕಿ ಬರುವ ಕಾವಲುಗಾರ. ನಡುವೆ ಒಂದನ್ನು ತಪ್ಪಾಗಿ ಬರೆದರೂ ಅದು ತಾಳೆಯಾಗದೆ ತಪ್ಪು ಸಿಕ್ಕಿಬೀಳುತ್ತದೆ.

ಕೂಸು ಬೆರಳಿಟ್ಟು ಎಣಿಸಿದಳು. ಮೊದಲೆರಡು 07. ‘ಅಜ್ಜ, ಆಫೀಸು ಬೆಂಗಳೂರಲ್ಲಿದೆ, ನಂಬರ್ ದೆಹಲಿಯದ್ದು.’ ಅದೊಂದೇ ಆಗಿದ್ದರೆ ತಪ್ಪೆನ್ನಲಾಗದು, ದೆಹಲಿಯಲ್ಲೂ ಕಚೇರಿ ಇರಬಹುದು. ಆರನೇ ಅಕ್ಷರಕ್ಕೆ ಬಂದಾಗ ಅವಳ ಬೆರಳು ನಿಂತಿತು. ‘ಪಿ’. ಪತ್ರದ ನೆತ್ತಿಯಲ್ಲಿ ದಪ್ಪಕ್ಷರದಲ್ಲಿ ಇದ್ದದ್ದು ‘ಪ್ರೈವೇಟ್ ಲಿಮಿಟೆಡ್’. ಪ್ರೈವೇಟ್ ಲಿಮಿಟೆಡ್ ಕಂಪನಿಗೆ ‘ಸಿ’ ಇರಬೇಕಲ್ಲ?

ಜಿಎಸ್‌ಟಿಯ ಸರ್ಕಾರಿ ಜಾಲತಾಣದಲ್ಲಿ ‘ಸರ್ಚ್ ಟ್ಯಾಕ್ಸ್‌ಪೇಯರ್’ ಎಂಬ ಕಿಟಕಿ ಇದೆ. ಲಾಗಿನ್ ಬೇಡ, ದುಡ್ಡು ಬೇಡ. ಸಂಖ್ಯೆ ಹಾಕಿ, ಚಿತ್ರದಲ್ಲಿ ಕಾಣುವ ಅಂಕಿ ಬರೆದರೆ ಆಯಿತು. ಆ ಸಂಖ್ಯೆ ಯಾರ ಹೆಸರಿನಲ್ಲಿದೆ, ಅಂಗಡಿಯ ಹೆಸರೇನು, ಯಾವಾಗ ನೋಂದಣಿಯಾಯಿತು, ಚಾಲ್ತಿಯಲ್ಲಿದೆಯೋ ರದ್ದಾಗಿದೆಯೋ ಎಲ್ಲ ತೆರೆದಿಡುತ್ತದೆ. ನಮ್ಮ ಪತ್ರದ ಸಂಖ್ಯೆ ಸುಳ್ಳಲ್ಲ. ನಿಜವಾದದ್ದೇ. ಆದರೆ ಅದು ದೆಹಲಿಯ ಒಬ್ಬ ಹಾರ್ಡ್‌ವೇರ್ ವ್ಯಾಪಾರಿಯದು, ಎಂದೋ ರದ್ದಾದದ್ದು. ಪಾಪ, ತನ್ನ ಹಳೆಯ ಸಂಖ್ಯೆ ಹಪ್ಪಳದ ಪತ್ರದಲ್ಲಿ ಕುಳಿತಿರುವುದು ಆ ಮನುಷ್ಯನಿಗೆ ಗೊತ್ತೂ ಇರಲಿಕ್ಕಿಲ್ಲ.

ಇವಳು ಏಣಿ ಬಿಟ್ಟು ಬಂದು ಪಕ್ಕದಲ್ಲಿ ಕೂತಳು. ‘ಇನ್ನೂ ಎಂತ ಎಂತ ನೋಡಲಿಕ್ಕಾಗ್ತದೆ?’

ಬೇಕಾದಷ್ಟು. ಕಂಪನಿ ಎಂದ ಮೇಲೆ ಕೇಂದ್ರದ ಕಂಪನಿ ವ್ಯವಹಾರಗಳ ಸಚಿವಾಲಯದಲ್ಲಿ ಅದಕ್ಕೊಂದು ಗುರುತು ಸಂಖ್ಯೆ ಇರುತ್ತದೆ, ಒಟ್ಟು 21 ಅಂಕಿ-ಅಕ್ಷರ. ಅದರ ನಡುವೆ ಹುಟ್ಟಿದ ಇಸವಿಯೂ ಅಡಗಿರುತ್ತದೆ. 1987ರಿಂದ ಸೇವೆಯಲ್ಲಿರುವ ಕಂಪನಿ ಎಂದರೆ ಸಾಮಾನ್ಯವಾಗಿ ಆ ಇಸವಿ ಅಲ್ಲಿ ಕಾಣಬೇಕು. ಈ ಸಂಖ್ಯೆಯನ್ನು ಕಂಪನಿಗಳು ತಮ್ಮ ಪತ್ರದ ನೆತ್ತಿಯಲ್ಲಿ ಅಚ್ಚು ಹಾಕಲೇಬೇಕೆಂದು 2013ರ ಕಂಪನಿ ಕಾಯ್ದೆ ಹೇಳುತ್ತದೆ. ನಮಗೆ ಬಂದ ಪತ್ರದಲ್ಲಿ ಲಾಂಛನ ಎರಡಿತ್ತು, ಈ ಸಂಖ್ಯೆ ಒಂದೂ ಇರಲಿಲ್ಲ.

ಇನ್ನೊಂದು, ಪತ್ರದ ಮೂರನೇ ಸಾಲು: ‘ಹಪ್ಪಳದ ಮೇಲಿನ ಶೇ 18 ಜಿಎಸ್‌ಟಿಯನ್ನು ನಿಮ್ಮ ಬಿಲ್ಲಿನಲ್ಲಿ ಕಳೆಯಲಾಗುವುದು.’ ಇದನ್ನು ಹುಡುಕಲು ಕೂಸು ಒಂದು ಉಪಾಯ ಮಾಡಿದಳು. ಹುಡುಕುವ ಪದಗಳ ಮುಂದೆ ಇಂಗ್ಲಿಷಿನಲ್ಲಿ ‘ಸೈಟ್’ ಎಂದು ಬರೆದು, ಎರಡು ಚುಕ್ಕೆ ಹಾಕಿ, ಜಾಗ ಬಿಡದೆ ‘ಗವ್ ಡಾಟ್ ಇನ್’ ಎಂದು ಸೇರಿಸಿದಳು. ಆಗ ಸರ್ಕಾರದ ಪುಟಗಳು ಮಾತ್ರ ಬರುತ್ತವೆ. ಜಾಹೀರಾತಿನ ಗದ್ದಲದಿಂದ ಗ್ರಂಥಾಲಯಕ್ಕೆ ಬಂದ ಹಾಗೆ. ಹಪ್ಪಳಕ್ಕೆ ಜಿಎಸ್‌ಟಿ ಸೊನ್ನೆ! 2021ರಲ್ಲಿ ಒಂದು ತಮಾಷೆಯೂ ನಡೆದಿತ್ತು. ದುಂಡು ಹಪ್ಪಳಕ್ಕೆ ತೆರಿಗೆ ಇಲ್ಲ, ಚೌಕ ಹಪ್ಪಳಕ್ಕೆ ಇದೆ ಎಂಬ ಸುದ್ದಿ ಹಬ್ಬಿ ದೇಶವೆಲ್ಲ ನಕ್ಕಿತ್ತು. ಕೊನೆಗೆ ಕೇಂದ್ರದ ಪರೋಕ್ಷ ತೆರಿಗೆ ಮಂಡಳಿಯೇ ಎದ್ದು, ಹಪ್ಪಳ ಯಾವ ಹೆಸರಿನದಾದರೂ ಯಾವ ಆಕಾರದ್ದಾದರೂ ತೆರಿಗೆ ಇಲ್ಲ ಎಂದು ಹೇಳಬೇಕಾಯಿತು. ಇದನ್ನು ಕೇಳಿ ಇವಳಿಗೆ ಬಂದ ಸಿಟ್ಟು ಠೇವಣಿಯ ಮಾತಿಗೂ ಬಂದಿರಲಿಲ್ಲ. ‘ನನ್ನ ಹಪ್ಪಳಕ್ಕೆ ಇಲ್ಲದ ತೆರಿಗೆ ಹಾಕ್ತಾನಾ ಅಂವ!’

ಕಡೆಗೆ ಫೋನ್ ನಂಬರು. ಅದನ್ನು ಎರಡೂ ಕಡೆ ಉದ್ಧರಣ ಚಿಹ್ನೆ ಹಾಕಿ ಹುಡುಕಿದಳು. ಹಾಗೆ ಹಾಕಿದರೆ ಯಂತ್ರ ಅದೇ ಸಾಲನ್ನು ಅದೇ ಕ್ರಮದಲ್ಲಿ ಹುಡುಕುತ್ತದೆ, ಹೋಲುವಂಥದ್ದನ್ನಲ್ಲ. ಅದೇ ನಂಬರು ಒಂದು ಕಡೆ ಸಾಲ ಕೊಡಿಸುವವನದಾಗಿತ್ತು, ಇನ್ನೊಂದು ಕಡೆ ವಿದೇಶದಲ್ಲಿ ಕೆಲಸ ಕೊಡಿಸುವವನದು. ಹಪ್ಪಳದ ಸುದ್ದಿ ಎಲ್ಲೂ ಇಲ್ಲ.

ಐದಕ್ಕೆ ಸರಿಯಾಗಿ ಫೋನ್ ಬಂತು. ಇವಳೇ ಎತ್ತಿದಳು. ‘ನಿಮ್ಮ ಜಿಎಸ್‌ಟಿ ನಂಬರಿನ ಆರನೇ ಅಕ್ಷರ ಎಂತ ಹೇಳಿ ನೋಡುವಾ’ ಎಂದಳು. ಆ ಕಡೆ ಸ್ವಲ್ಪ ಹೊತ್ತು ಮೌನ. ಆಮೇಲೆ ಸಿಹಿ ದನಿ ಸಿಹಿಯಾಗಿ ಉಳಿಯಲಿಲ್ಲ. ಇಲ್ಲಿ ಬರೆಯುವಂಥದ್ದಲ್ಲ ಬಿಡಿ. ನಮ್ಮ ಹಣ ಹೋಗಿರಲಿಲ್ಲ. ಹೋಗಿದ್ದರೆ ತಕ್ಷಣ 1930ಕ್ಕೆ ಫೋನ್ ಮಾಡಬೇಕಿತ್ತು, ಸೈಬರ್ ವಂಚನೆಗೆಂದೇ ಇರುವ ರಾಷ್ಟ್ರೀಯ ಸಹಾಯವಾಣಿ ಅದು. ಬೇಗ ತಿಳಿಸಿದಷ್ಟೂ ಹಣ ಕೈದಾಟುವ ಮೊದಲೇ ತಡೆಯುವ ಸಾಧ್ಯತೆ ಹೆಚ್ಚು. ಹಿರಿಯರಿಗೆ ಇನ್ನೊಂದು ಮಾತು. ಬ್ಯಾಂಕಿನ, ಗ್ಯಾಸಿನ, ಕೊರಿಯರಿನ ‘ಕಸ್ಟಮರ್ ಕೇರ್’ ನಂಬರನ್ನು ಹೀಗೆ ಹುಡುಕಿ ಸಿಕ್ಕಿದ್ದಕ್ಕೆ ಫೋನ್ ಮಾಡಬೇಡಿ, ಕಳ್ಳರು ತಮ್ಮ ನಂಬರನ್ನು ಅಲ್ಲಿ ನೆಟ್ಟಿರುತ್ತಾರೆ. ಪಾಸ್‌ಬುಕ್ಕಿನ ಮೇಲೆ, ಕಾರ್ಡಿನ ಹಿಂದೆ, ಬಿಲ್ಲಿನಲ್ಲಿ ಅಚ್ಚಾದ ನಂಬರೇ ಲೇಸು.

ಕಳ್ಳ ಸಿಕ್ಕ, ಗಿರಾಕಿ?

ಮರುದಿನ ಬೆಳಿಗ್ಗೆ ಹಪ್ಪಳ ಒತ್ತುತ್ತ ಇವಳು ಹೇಳಿದಳು, ‘ಕೂಸೇ, ಕಳ್ಳನನ್ನು ಹುಡುಕಿಕೊಟ್ಟೆ. ಗಿರಾಕಿಯನ್ನೂ ಹುಡುಕಿಕೊಡು.’

ಇದು ಮೊದಲಿನದಕ್ಕಿಂತ ಕಷ್ಟದ ಕೆಲಸ. ಕೂಸು ‘ಹಲಸಿನ ಹಪ್ಪಳ’ ಎಂದು ಕನ್ನಡದಲ್ಲಿ ಹುಡುಕಿದಾಗ ಮಾಡುವ ವಿಧಾನ ಬಂತು, ವೀಡಿಯೊ ಬಂತು, ಅಂಗಡಿ ಕಡಿಮೆ. ಮಾಡುವುದು ನಮಗೆ ಗೊತ್ತೇ ಇದೆಯಲ್ಲ! ಯಂತ್ರಕ್ಕೆ ನಮ್ಮ ಮನಸ್ಸು ಗೊತ್ತಿಲ್ಲ, ಪದ ಮಾತ್ರ ಗೊತ್ತು. ಹಾಗಾಗಿ ಪದ ಬದಲಿಸಬೇಕು. ‘ಜಾಕ್‌ಫ್ರೂಟ್ ಪಾಪಡ್’ ಎಂದು ಇಂಗ್ಲಿಷಿನಲ್ಲಿ ಬರೆದು, ‘ರೆಸಿಪಿ’ ಎಂಬ ಪದದ ಹಿಂದೆ ಒಂದು ಕಳೆಯುವ ಚಿಹ್ನೆ ಅಂಟಿಸಿದಾಗ ಅಡುಗೆಯ ಪುಟಗಳೆಲ್ಲ ಜಾರಿಹೋಗಿ ಮಾರುವವರ ಪುಟಗಳು ಉಳಿದವು. ಮಲಯಾಳಿಗಳು ಇದನ್ನೇ ‘ಚಕ್ಕ ಪಪ್ಪಡಂ’ ಎನ್ನುತ್ತಾರೆ, ಮರಾಠಿಯವರು ‘ಫಣಸ ಪಾಪಡ್’. ಒಂದೊಂದು ಹೆಸರಿಗೂ ಬೇರೆ ಊರು, ಬೇರೆ ಬೆಲೆ, ಬೇರೆ ಪ್ಯಾಕೆಟ್ಟು. ನಾವು ಮಾರುತ್ತಿದ್ದ ಬೆಲೆಯ ಎರಡು ಪಟ್ಟಿಗೆ ಮಾರುವವರಿದ್ದರು. ಹಾಗೆ ಮಾರುವವರ ಪ್ಯಾಕೆಟ್ಟಿನ ಚಿತ್ರ ದೊಡ್ಡದು ಮಾಡಿ ನೋಡಿದಾಗ ನಮಗಿಲ್ಲದ ಒಂದು ವಸ್ತು ಕಂಡಿತು: 14 ಅಂಕಿಯ ಸಂಖ್ಯೆ. ಆಹಾರ ಸುರಕ್ಷತಾ ಪ್ರಾಧಿಕಾರ ಕೊಡುವ ನೋಂದಣಿ ಅದು. ಅದಿಲ್ಲದೆ ತಿನಿಸು ಮಾರುವಂತಿಲ್ಲ; ದೊಡ್ಡ ಅಂಗಡಿಯವರು ನಮ್ಮ ಹಪ್ಪಳವನ್ನು ಮೂಸಿಯೂ ನೋಡದಿದ್ದದ್ದು ಇದಕ್ಕೇ. ಪ್ರಾಧಿಕಾರದ ಜಾಲತಾಣ ‘ಫಾಸ್ಕಾಸ್’ನಲ್ಲಿ ಅರ್ಜಿ ಹಾಕಿದೆವು. ಈ ಸಲ ನಾನು ವಿಳಾಸದ ಬಾಲವನ್ನು ಮೂರು ಬಾರಿ ನೋಡಿದೆ. ನಮ್ಮಂಥ ಸಣ್ಣವರ ನೋಂದಣಿಗೆ ಕಟ್ಟಿದ್ದು ವರ್ಷಕ್ಕೆ 100 ರೂಪಾಯಿ.

ಸಾಲ-ಸಹಾಯಧನದ ಹುಡುಕಾಟದಲ್ಲಿ ಒಂದು ಪಾಠವಾಯಿತು. ಸಣ್ಣ ಆಹಾರ ಉದ್ಯಮಗಳಿಗೆಂದು ಕೇಂದ್ರ ಸರ್ಕಾರ 2020ರಲ್ಲಿ ತಂದ ಯೋಜನೆಯಲ್ಲಿ ಯಂತ್ರದ ಖರ್ಚಿನ ಶೇ 35ರಷ್ಟು, ಗರಿಷ್ಠ 10 ಲಕ್ಷ ರೂಪಾಯಿವರೆಗೆ ಸಹಾಯಧನ ಎಂದಿತ್ತು. ಇವಳ ಕಣ್ಣಲ್ಲಿ ಡ್ರೈಯರ್ ಮಿಂಚಿತು. ಕೂಸು ಪುಟದ ತಾರೀಕು ತೋರಿಸಿದಳು, ನಾಲ್ಕು ವರ್ಷ ಹಳೆಯದು. ಯೋಜನೆಗಳಿಗೆ ಅವಧಿ ಇರುತ್ತದೆ, ಜಾಲಪುಟಗಳಿಗೆ ಇರುವುದಿಲ್ಲ. ಮುಗಿದ ಯೋಜನೆಯ ಪುಟವೂ ಹೊಸ ಮದುವಣಗಿತ್ತಿಯಂತೆ ನಿಂತೇ ಇರುತ್ತದೆ. ಜಾಲದಲ್ಲಿ ಓದಿದ್ದನ್ನು ಚೀಟಿಯಲ್ಲಿ ಬರೆದುಕೊಂಡು, ಈಗ ಯಾವುದು ಚಾಲ್ತಿಯಲ್ಲಿದೆ ಎಂದು ಬ್ಯಾಂಕಿನಲ್ಲೂ ಕೃಷಿ ಇಲಾಖೆಯಲ್ಲೂ ಕೇಳಿಬರುವ ಕೆಲಸ ನನಗೆ ಬಿತ್ತು. ಕಾಗೆ ಕಾಯುವುದಕ್ಕಿಂತ ಬಡ್ತಿಯೇ.

ಈ ನಡುವೆ ನನಗೂ ಚಟ ಹತ್ತಿತು. ಅಡಿಕೆ ಧಾರಣೆಗೆ ಈಗ ಪಕ್ಕದ ಮನೆಯವನನ್ನು ಕೇಳುವುದಿಲ್ಲ. ‘ಆಗ್‌ಮಾರ್ಕ್‌ನೆಟ್’ ಎಂಬ ಕೇಂದ್ರದ ತಾಣದಲ್ಲಿ, ನಮ್ಮ ರಾಜ್ಯದ ‘ಕೃಷಿ ಮಾರಾಟ ವಾಹಿನಿ’ಯಲ್ಲಿ ಮಾರುಕಟ್ಟೆವಾರು ಬೆಲೆ ಸಿಗುತ್ತದೆ. ರಾಶಿ, ಬೆಟ್ಟೆ, ಚಾಲಿ ಎಂದು ಬೇರೆ ಬೇರೆ. ಅಲ್ಲಿ ಮೂರು ಬೆಲೆ: ಕನಿಷ್ಠ, ಗರಿಷ್ಠ, ಮತ್ತು ‘ಮೋಡಲ್’. ಪಕ್ಕದ ಮನೆಯವನು ಹೇಳುತ್ತಿದ್ದದ್ದು ಯಾವಾಗಲೂ ಗರಿಷ್ಠ. ಅದು ಯಾರೋ ಒಬ್ಬನ ಒಂದೇ ಚೀಲಕ್ಕೆ ಸಿಕ್ಕಿದ್ದಿರಬಹುದು. ಮೋಡಲ್ ಎಂದರೆ ಹೆಚ್ಚಿನ ಮಾಲು ಯಾವ ಬೆಲೆಗೆ ಹೋಯಿತೋ ಅದು. ಮಕ್ಕಳೇ, ಗಣಿತ ಪುಸ್ತಕದಲ್ಲಿ ಸರಾಸರಿ, ಮಧ್ಯಾಂಕ, ಬಹುಲಕ ಎಂದು ಓದುತ್ತೀರಲ್ಲ, ಆ ಬಹುಲಕವೇ ಇದು. ಮೂವತ್ತು ವರ್ಷ ಬಹುಲಕ ಕಲಿಸಿದ ನನಗೆ ಅದು ನಮ್ಮ ಅಡಿಕೆ ಚೀಲದಲ್ಲೇ ಇತ್ತೆಂದು ಗೊತ್ತಿರಲಿಲ್ಲ.

ಮೇ ಕೊನೆಯ ವಾರ ಕೂಸು ಊರಿಗೆ ಹೊರಟಳು. ಹೊರಡುವ ಹಿಂದಿನ ದಿನ ಧಾರವಾಡದಿಂದ ಒಂದು ಫೋನ್. ಹೆಂಗಸೊಬ್ಬರು ಮನೆ ತಿನಿಸಿನ ಸಣ್ಣ ಅಂಗಡಿ ಇಟ್ಟಿದ್ದಾರಂತೆ. 200 ಹಪ್ಪಳ ಬಸ್ಸಿನಲ್ಲಿ ಕಳಿಸಿ, ಅರ್ಧ ದುಡ್ಡು ಈಗಲೇ ಹಾಕುತ್ತೇನೆ ಎಂದರು. ಠೇವಣಿಯ ಮಾತಿಲ್ಲ. ಬಿಲ್ಲಿಗೆಂದು ತಮ್ಮ ಜಿಎಸ್‌ಟಿ ಸಂಖ್ಯೆಯನ್ನೂ ಕಳಿಸಿದರು.

ಇವಳು ಹಿಟ್ಟಿನ ಕೈ ಸೆರಗಿಗೆ ಒರೆಸಿಕೊಂಡು, ಕನ್ನಡಕ ಏರಿಸಿ, ಮೊಬೈಲನ್ನು ತೋಳುದ್ದ ದೂರ ಹಿಡಿದು ಎಣಿಸಿದಳು. ಒಂದು, ಎರಡು... 29. ಮೂರು, ನಾಲ್ಕು, ಐದು, ಆರು.

‘ಪಿ’ ಎಂದಳು. ‘ಒಬ್ಬಳೇ ಹೆಂಗಸಿನ ಅಂಗಡಿ ಅಂದಮೇಲೆ ಪಿ-ಯೇ ಇರಬೇಕು, ಅಲ್ದನೇ ಕೂಸೇ?’

ಕೂಸು ಆಗಲೇ ಸಂಖ್ಯೆಯನ್ನು ಕಿಟಕಿಯಲ್ಲಿ ತುಂಬುತ್ತಿದ್ದಳು. ನಾನು ಹಪ್ಪಳ ಕಟ್ಟಲು ಹಳೆಯ ಪತ್ರಿಕೆ ತರಲು ಎದ್ದೆ.

‘ಪೇಪರ್ ಬೇಡ’ ಎಂದಳು ಇವಳು. ‘ಶಾಯಿ ತಾಗಿದ ಕಾಗದದಲ್ಲಿ ತಿನಿಸು ಕಟ್ಟಬಾರದು ಅಂತ ಆ ಪ್ರಾಧಿಕಾರದವರು ಬರೆದಿದ್ದಾರೆ. ನಾವು ನಿನ್ನೆಯೇ ನೋಡಿದ್ದೇವೆ.’